ಮಗುವಿಗೆ, ಅಜ್ಜಿಗೆ ಟ್ರ್ಯಾಕರ್ ಕಟ್ಟುವ ಮುಂಚೆ

"ಯಾವ ಜಿಪಿಎಸ್ ವಾಚ್ ತಗೊಳ್ಳಲಿ?" ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಹೀಗೆ ಕೇಳುವವರು ಜಾಸ್ತಿಯಾಗುತ್ತಾರೆ. ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ತಾಯಿಯೊಬ್ಬರ ಮಗಳು ಎರಡು ಬಸ್ಸು ಬದಲಿಸಿ ಶಾಲೆಗೆ ಹೋಗಬೇಕು. ಮುಳ್ಳೇರಿಯ ಕಡೆಯ ಸೊಸೆಯೊಬ್ಬರಿಗೆ ಮಾವನ ಚಿಂತೆ. ಅವರಿಗೆ ಮರೆವು ಹೆಚ್ಚಾಗಿದೆ, ಸಂಜೆಯಾದರೆ ಎಂದೋ ಮಾರಿಹೋದ ಹಳೆ ಮನೆಯ ದಾರಿ ಹಿಡಿಯುತ್ತಾರೆ. ಇನ್ನೊಬ್ಬರಿಗೆ ಮೂವತ್ತು ದಾಟಿದ, ಮಾತು ಬಾರದ ತಮ್ಮನಿದ್ದಾನೆ. ಗೇಟು ತೆರೆದಿದ್ದರೆ ಹೊರಟೇಬಿಡುತ್ತಾನೆ.

ಮೂವರಿಗೂ ನಾನು ಮೊದಲು ಕೇಳುವುದು ಒಂದೇ. ಕಟ್ಟಿಸಿಕೊಳ್ಳುವವರಿಗೆ ಈ ವಿಷಯ ಗೊತ್ತಾ? "ಇಲ್ಲ, ಹೇಳಿದರೆ ಬೇಡ ಅಂತಾರೆ" ಎಂಬ ಉತ್ತರವೇ ಹೆಚ್ಚು. ಅದಕ್ಕೇ ಈ ಲೇಖನ. ಯಾವ ವಾಚ್ ಅನ್ನುವುದು ಆರನೇ ಹಂತದಲ್ಲಿ ಬರುತ್ತದೆ. ಅದಕ್ಕೆ ಮುಂಚಿನ ಐದನ್ನು ಬಿಟ್ಟು ನೇರ ಅಲ್ಲಿಗೆ ಹೋಗಬೇಡಿ, ದಯವಿಟ್ಟು.

ಮೊದಲು ಸಾಧನದ ಪರಿಚಯ

ಟ್ರ್ಯಾಕರ್ ಅಂದರೆ ಒಬ್ಬರು ಎಲ್ಲಿದ್ದಾರೆ ಎಂದು ಇನ್ನೊಬ್ಬರ ಫೋನಿನಲ್ಲಿ ತೋರಿಸುವ ಸಾಧನ. ನಮ್ಮ ಕಡೆ ಸಿಗುವುದು ಮುಖ್ಯವಾಗಿ ಮೂರು ಬಗೆ.

ಒಂದು, ಸಿಮ್ ಹಾಕುವ ಜಿಪಿಎಸ್ ವಾಚ್ ಅಥವಾ ಕೊರಳಿಗೆ ಹಾಕುವ ಬಿಲ್ಲೆ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತ ಹಿಡಿದು ವಾಚು ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಆದರೆ ಅದನ್ನು ನಿಮಗೆ ತಿಳಿಸಲು ಮೊಬೈಲ್ ಟವರ್ ಬೇಕು. ಆಕಾಶವೂ ಕಾಣಬೇಕು, ಟವರೂ ಸಿಗಬೇಕು. ಒಂದು ಕೈಕೊಟ್ಟರೂ ನಿಮ್ಮ ಫೋನಿನ ಮ್ಯಾಪಿನಲ್ಲಿ ಅವರ ಜಾಗ ತೋರಿಸುವ ಚುಕ್ಕೆ ನಿಂತಲ್ಲೇ ನಿಲ್ಲುತ್ತದೆ.

ಎರಡು, ಫೋನಿನೊಳಗಿನ ಆಪ್. ವಾಟ್ಸಾಪಿನ ಲೈವ್ ಲೊಕೇಶನ್, ಗೂಗಲ್ ಮ್ಯಾಪಿನ ಲೊಕೇಶನ್ ಹಂಚಿಕೆ, ಮಕ್ಕಳ ಫೋನನ್ನು ಹೆತ್ತವರು ನೋಡಿಕೊಳ್ಳುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಇವೆಲ್ಲ ಇದೇ ಗುಂಪು.

ಮೂರು, ಆಪಲ್ ಕಂಪನಿಯ ಏರ್‌ಟ್ಯಾಗ್‌ನಂಥ ಸಣ್ಣ ಬಿಲ್ಲೆಗಳು. ಇವುಗಳಲ್ಲಿ ಜಿಪಿಎಸ್ ಇಲ್ಲ, ಸಿಮ್ಮೂ ಇಲ್ಲ. ಹತ್ತಿರ ಹಾದುಹೋಗುವವರ ಫೋನುಗಳ ಬ್ಲೂಟೂತ್ ಮೂಲಕ ತಮ್ಮ ಜಾಗ ತಿಳಿಸುತ್ತವೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಚೆನ್ನಾಗಿ ಕೆಲಸ ಮಾಡುವ ಬಿಲ್ಲೆ ಎಣ್ಮಕಜೆಯ ಅಡಿಕೆ ತೋಟದೊಳಗೆ ಏನೂ ತೋರಿಸದೆ ಇರಬಹುದು. ಇದು ಕೀಲಿಕೈ, ಬ್ಯಾಗು ಹುಡುಕಲಿಕ್ಕೆ ಮಾಡಿದ್ದು, ಮನುಷ್ಯರನ್ನು ಹಿಂಬಾಲಿಸಲಿಕ್ಕಲ್ಲ ಎಂದು ಆಪಲ್ ಕಂಪನಿಯೇ ಹೇಳಿದೆ. ಇದರೊಳಗಿನ ನಾಣ್ಯದಂಥ ಬ್ಯಾಟರಿಯನ್ನು ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗುತ್ತದೆ. ಸಣ್ಣ ಮಕ್ಕಳ ಕೈಗೆ ಇದು ಬೇಡವೇ ಬೇಡ.

1. ನಿಮ್ಮ ಹೆದರಿಕೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

ಒಂದು ಚೀಟಿ ತೆಗೆದುಕೊಳ್ಳಿ. ಏನಾಗಬಹುದೆಂದು ಹೆದರುತ್ತಿದ್ದೀರೋ ಅದನ್ನೇ ಬರೆಯಿರಿ. "ಕಾಲ ಕೆಟ್ಟಿದೆ" ಅಂತ ಬರೆದರೆ ಆಗುವುದಿಲ್ಲ. "ಕುಂಬಳೆಯಲ್ಲಿ ಎರಡನೇ ಬಸ್ಸು ತಪ್ಪಿದರೆ ಅವಳಿಗೆ ನನಗೆ ತಿಳಿಸಲು ದಾರಿಯಿಲ್ಲ" ಎಂದು ಬರೆದರೆ ಆಗುತ್ತದೆ. ಹೀಗೆ ಬರೆದಾಗ ಅರ್ಧ ಜನಕ್ಕೆ ಟ್ರ್ಯಾಕರ್ ಬೇಡ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಈ ತಾಯಿಗೆ ಬೇಕಾದದ್ದು ಬಟನ್ ಫೋನ್, ಇಲ್ಲವೇ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯವರ ಪರಿಚಯ.

ಶಾಲಾ ಬಸ್ಸಿನಲ್ಲಿ ಹೋಗುವ ಮಗುವಾದರೆ ಮಗುವಿನ ಬದಲು ಬಸ್ಸನ್ನೇ ನೋಡಿ. ಕೇರಳದ ಮೋಟಾರು ವಾಹನ ಇಲಾಖೆ 2023ರ ಜನವರಿಯಲ್ಲಿ ವಿದ್ಯಾ ವಾಹನ್ ಎಂಬ ಆಪ್ ತಂದಿದೆ. ನಿಮ್ಮ ಶಾಲೆ ಅದಕ್ಕೆ ಸೇರಿದ್ದು, ನಿಮ್ಮ ನಂಬರನ್ನು ಜೋಡಿಸಿಕೊಟ್ಟರೆ ಬಸ್ಸು ಎಲ್ಲಿದೆ ಎಂದು ಕಾಣುತ್ತದೆ. ಮಗುವಿನ ಮೈಗೆ ಏನೂ ಕಟ್ಟಬೇಕಾಗಿಲ್ಲ.

ಇನ್ನು ನಮ್ಮ ಊರಿನ ನಿಜವಾದ ಅಪಾಯಗಳನ್ನು ನೋಡಿ. ಕಟ್ಟೆ ಇಲ್ಲದ ಬಾವಿ, ಮಳೆಗಾಲದಲ್ಲಿ ತುಂಬಿ ನಿಲ್ಲುವ ಕೆಂಪುಕಲ್ಲಿನ ಕೋರೆ, ತೋಟದ ನಡುವಿನ ತೋಡು, ರೈಲು ಹಳಿ. ಮಗು ಅಥವಾ ಮರೆವಿನ ಅಜ್ಜ ಬಾವಿಯ ಹತ್ತಿರ ಹೋದದ್ದನ್ನು ಯಾವ ವಾಚೂ ಸಮಯಕ್ಕೆ ಸರಿಯಾಗಿ ಹೇಳುವುದಿಲ್ಲ. ಅಂಗಳದ ತುದಿಯಲ್ಲಿ ಬಾವಿ ಇದ್ದರೆ ವಾಚಿನ ದುಡ್ಡಿನಲ್ಲಿ ಮೊದಲು ಅದಕ್ಕೆ ಕಬ್ಬಿಣದ ಜಾಲರಿ ಹಾಕಿಸಿ. ಗೇಟಿಗೆ ಗಂಟೆ ಕಟ್ಟಿ. ಸದ್ದು ಕೇಳಿ ಎದ್ದು ಹೋಗಲು ಅರ್ಧ ನಿಮಿಷ ಸಾಕು, ಚುಕ್ಕೆ ಸರಿಯಲು ಹತ್ತು ನಿಮಿಷ ಬೇಕಾಗಬಹುದು.

ಇಷ್ಟೆಲ್ಲ ಆದ ಮೇಲೂ ಆ ಚೀಟಿಯ ಸಾಲಿಗೆ ಉತ್ತರ ಸಿಗದಿದ್ದರೆ ಮುಂದಿನ ಹಂತಕ್ಕೆ ಬನ್ನಿ. ಚೀಟಿಯನ್ನು ಎಸೆಯಬೇಡಿ. ಮತ್ತೆ ಬೇಕಾಗುತ್ತದೆ.

2. ವಯಸ್ಸು ನೋಡಿ, ಮಗಳೋ ಮಗನೋ ಎಂದು ನೋಡಬೇಡಿ

ಆರೇಳು ವರ್ಷದ ತನಕ ಮಗು ದೊಡ್ಡವರ ಜೊತೆಗೇ ಇರುತ್ತದೆ. ಆಗ ಟ್ರ್ಯಾಕರ್ ಬೇಕಾಗುವುದು ಜಾತ್ರೆ, ಆಯನ, ಮದುವೆ ಹಾಲ್ ಇಂಥ ಕಡೆ ಮಾತ್ರ. ಅಲ್ಲೂ ಅಂಗಿಯ ಒಳಗೆ ಬರೆದ ಫೋನ್ ನಂಬರು ವಾಚಿಗಿಂತ ಬೇಗ ಕೆಲಸಕ್ಕೆ ಬರುತ್ತದೆ. ಎಂಟರಿಂದ ಹನ್ನೆರಡರವರೆಗೆ, ಒಬ್ಬರೇ ಓಡಾಡಲು ಕಲಿಯುವ ಹೊತ್ತಿನಲ್ಲಿ, ಕೆಲವು ತಿಂಗಳು ವಾಚ್ ಇದ್ದರೆ ಉಪಯೋಗ. ಹದಿಮೂರರ ಮೇಲೆ ಮಗುವಿಗೆ ತನ್ನದೇ ಗೆಳೆತನ, ತನ್ನದೇ ಗುಟ್ಟು ಹುಟ್ಟುತ್ತದೆ. ಹುಟ್ಟಬೇಕಾದ್ದೇ ಅದು. ಆಗ ಇಡೀ ದಿನ ನೋಡುವುದನ್ನು ನಿಲ್ಲಿಸಿ, ರಾತ್ರಿ ಬಸ್ಸಿನಲ್ಲಿ ಬರುವಾಗ ಅವರೇ ಕಳಿಸುವ ಲೈವ್ ಲೊಕೇಶನ್‌ಗೆ ಬನ್ನಿ. ವಾಟ್ಸಾಪಿನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರು ಅವಧಿ ಇದೆ. ಸಮಯ ಮುಗಿದ ಮೇಲೆ ತಾನಾಗಿ ನಿಲ್ಲುತ್ತದೆ. ಹಂಚುವವರ ಕೈಯಲ್ಲೇ ಗುಂಡಿ ಇರುವುದರಿಂದ ನನಗೆ ಇದು ತುಂಬ ಇಷ್ಟ.

ಒಂದು ಮಾತು ನೇರವಾಗಿ ಹೇಳಬೇಕು. ಎಷ್ಟೋ ಮನೆಗಳಲ್ಲಿ ಮಗಳಿಗೆ ಟ್ರ್ಯಾಕರ್, ಮಗನಿಗೆ ಬೈಕ್. ನಮ್ಮ ಹೆದ್ದಾರಿಯಲ್ಲಿ ಹದಿನೇಳರ ಹುಡುಗ ಬೈಕ್ ಓಡಿಸುವುದು ಮಗಳು ಟ್ಯೂಷನ್ನಿಗೆ ಹೋಗಿ ಬರುವುದಕ್ಕಿಂತ ಎಷ್ಟೋ ಪಾಲು ಅಪಾಯ. ಅವಳಿಗೆ ಮಾತ್ರ ಕಟ್ಟಬೇಕು ಅನ್ನಿಸುತ್ತಿದ್ದರೆ ಆ ಚೀಟಿಯನ್ನು ಮತ್ತೆ ತೆಗೆದು ನೋಡಿ. ಹೆದರಿಕೆ ಅವಳಿಗೇನಾಗುತ್ತದೆ ಅಂತಲೋ, ಅವಳು ಯಾರ ಜೊತೆ ಮಾತಾಡುತ್ತಾಳೆ ಅಂತಲೋ? ಎರಡನೆಯದಾದರೆ ಅದು ಸುರಕ್ಷತೆ ಅಲ್ಲ, ಕಾವಲು.

ಹೆಂಡತಿಯ ಫೋನಿಗೆ ಹಾಕಬಹುದಾ ಎಂದು ಕೇಳುವವರೂ ಇದ್ದಾರೆ. ಬೇಡ. ಹೆಂಗಸಿನ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಗಂಡಸು ಕಣ್ಣಿಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಅಪರಾಧ ಎನ್ನುತ್ತದೆ.

3. ಹೇಳಿ, ಕೇಳಿ, ಆಮೇಲೆ ಕಟ್ಟಿ

ಕದ್ದು ಹಾಕಬೇಡಿ. ಬ್ಯಾಗಿನ ಹೊಲಿಗೆಯೊಳಗೆ ಬಿಲ್ಲೆ ಅಡಗಿಸುವುದು, ಫೋನಿನಲ್ಲಿ ಕಾಣದಂತೆ ಕೂರುವ ಆಪ್ ಹಾಕುವುದು, ಎರಡೂ ಬೇಡ. ಯಾಕೆ ಅಂದರೆ, ಒಂದಲ್ಲ ಒಂದು ದಿನ ಗೊತ್ತಾಗುತ್ತದೆ. ಅಪರಿಚಿತ ಬಿಲ್ಲೆ ಜೊತೆಯಲ್ಲೇ ಸಾಗುತ್ತಿದ್ದರೆ ಈಗಿನ ಐಫೋನೂ ಆಂಡ್ರಾಯ್ಡೂ ತಾವಾಗಿಯೇ ಎಚ್ಚರಿಸುತ್ತವೆ. 2024ರ ಮೇ ತಿಂಗಳಲ್ಲಿ ಆಪಲ್ ಮತ್ತು ಗೂಗಲ್ ಸೇರಿ ಇದನ್ನು ತಂದವು. ಮಗಳ ಫೋನಿಗೆ "ನಿಮ್ಮನ್ನು ಯಾರೋ ಹಿಂಬಾಲಿಸುತ್ತಿರಬಹುದು" ಎಂಬ ಸಂದೇಶ ಬಂದು, ಆ ಯಾರೋ ಅಪ್ಪನೇ ಎಂದು ತಿಳಿದರೆ ಹೇಗಿರುತ್ತದೆ, ಯೋಚಿಸಿ. ಅದಾದ ಮೇಲೆ ಅವಳು ಫೋನನ್ನು ಗೆಳತಿಯ ಮನೆಯಲ್ಲಿಟ್ಟು ಹೋಗಲು ಕಲಿಯುತ್ತಾಳೆ. ನಿಜವಾಗಿಯೂ ತೊಂದರೆಯಲ್ಲಿ ಸಿಕ್ಕಿದಾಗ ನಿಮಗೆ ಫೋನ್ ಮಾಡಲು ಹಿಂಜರಿಯುತ್ತಾಳೆ. ನಷ್ಟ ಅಲ್ಲಿದೆ.

ಹಾಗಾದರೆ ಹೇಗೆ ಹೇಳುವುದು? ಊಟಕ್ಕೆ ಕೂತಾಗ, ಬೈಗುಳದ ಬೆನ್ನಿಗಲ್ಲ. ತಪ್ಪು ಮಾಡಿದ ದಿನ ತಂದರೆ ಅದು ಶಿಕ್ಷೆಯಾಗುತ್ತದೆ. ನಾಲ್ಕು ವಿಷಯ ಬಾಯಿಬಿಟ್ಟು ಹೇಳಿ: ಏನು ಕಾಣುತ್ತದೆ, ಯಾರಿಗೆ ಕಾಣುತ್ತದೆ, ಯಾವ ಹೊತ್ತಿನಲ್ಲಿ ನೋಡುತ್ತೀರಿ, ಯಾವಾಗ ತೆಗೆಯುತ್ತೀರಿ. ಉದಾಹರಣೆಗೆ, "ಪುಟ್ಟಾ, ನೀನು ಶಾಲೆ ಬಿಟ್ಟು ಮನೆ ಮುಟ್ಟುವ ತನಕ ಮಾತ್ರ ನಾನು ನೋಡ್ತೇನೆ. ನಾನು, ಅಪ್ಪ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ. ದೀಪಾವಳಿ ರಜೆಯಲ್ಲಿ ಇದು ಇನ್ನೂ ಬೇಕಾ ಅಂತ ನಾವು ಕೂತು ಮಾತಾಡುವ."

ನಿಮ್ಮ ಫೋನಿನ ಪರದೆಯನ್ನು ಮಗುವಿಗೆ ತೋರಿಸಿ. ಅವನೇ ಅಂಗಳದಿಂದ ಗೇಟಿಗೆ ಓಡಲಿ, ಚುಕ್ಕೆ ಹೇಗೆ ತಡವಾಗಿ ಕುಂಟುತ್ತಾ ಬರುತ್ತದೆ ಎಂದು ಬಂದು ನೋಡಲಿ. ಒಳ್ಳೆಯದಿದೆ ಇದರಲ್ಲಿ. ಒಂದು, ಗುಟ್ಟು ಇರುವುದಿಲ್ಲ. ಮತ್ತೆ, ವಾಚ್ ಇದೆ ಎಂಬ ಧೈರ್ಯಕ್ಕೆ ನೀರಿನ ಹತ್ತಿರ ಹೋಗಬಾರದು ಎಂಬುದೂ ಅರ್ಥವಾಗುತ್ತದೆ.

ಹತ್ತು ವರ್ಷದ ಮಗು "ಬೇಡ" ಅಂದರೆ? ಯಾಕೆ ಎಂದು ಕೇಳಿ. ಬಣ್ಣ ಇಷ್ಟ ಇಲ್ಲದಿರಬಹುದು, ಕ್ಲಾಸಿನಲ್ಲಿ ನಗುತ್ತಾರೆ ಎಂದಿರಬಹುದು, ಶಾಲೆಯಲ್ಲಿ ವಾಚಿಗೆ ಅನುಮತಿಯೇ ಇಲ್ಲದಿರಬಹುದು. ಇವಕ್ಕೆಲ್ಲ ದಾರಿ ಇದೆ. ಹದಿನಾರರ ಹುಡುಗಿ ಪೂರ್ತಿ ತಿಳಿದೇ "ಬೇಡ" ಅಂದರೆ ಬೇಡ. ಹೊರಡುವಾಗ, ಮುಟ್ಟಿದಾಗ ಒಂದೊಂದು ಮೆಸೇಜ್ ಎಂದು ಒಪ್ಪಂದ ಮಾಡಿಕೊಳ್ಳಿ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿಗೂ ಖಾಸಗಿತನ ಇದೆ ಎನ್ನುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿದೆ. 2017ರ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಹದಿನೆಂಟು ತುಂಬಿದವರಿಗೆ ಮಾತ್ರ ಎಂದು ಅದು ಹೇಳಲಿಲ್ಲ.

4. ಮರೆವು ಇರುವವರು, ಮಾತು ಬಾರದವರು

ಇದು ಕಷ್ಟದ ಹಂತ. ಹೇಳಿದ್ದು ಅರ್ಧ ಗಂಟೆಗೆ ಮರೆತುಹೋಗುವವರನ್ನು ಕೇಳುವುದು ಹೇಗೆ?

ಡಿಮೆನ್ಷಿಯಾ, ಅಂದರೆ ನೆನಪು, ದಿಕ್ಕು, ಲೆಕ್ಕ ಎಲ್ಲ ನಿಧಾನಕ್ಕೆ ಕಳೆದುಹೋಗುವ ಕಾಯಿಲೆ ಇದೆ ಎಂದು ಡಾಕ್ಟರು ಹೇಳಿದ ಮೊದಲ ದಿನಗಳಲ್ಲೇ ಮಾತಾಡಿ. ಆಗ ಅವರಿಗೆ ತಿಳಿಯುತ್ತದೆ. "ಅಜ್ಜಾ, ಮುಂದೆ ನಿಮಗೆ ದಾರಿ ತಪ್ಪಿದರೆ ಹುಡುಕಲಿಕ್ಕೆ ಒಂದು ಬಿಲ್ಲೆ ಹಾಕಲಾ? ತೋಟಕ್ಕೆ ಹೋಗಬೇಡಿ ಅನ್ನಲಿಕ್ಕಲ್ಲ, ಹೋಗಿ ಬರಲಿಕ್ಕೆ." ಅವರು ಏನು ಹೇಳಿದರೋ ಅದನ್ನು ತಾರೀಕಿನ ಜೊತೆ ಬರೆದಿಡಿ. ಎರಡು ವರ್ಷ ಕಳೆದು ಅಣ್ಣತಮ್ಮಂದಿರು "ನೀನ್ಯಾಕೆ ಕಟ್ಟಿದೆ" ಎಂದು ಕೇಳಿದಾಗ ಅಜ್ಜನ ಮಾತೇ ಉತ್ತರ ಕೊಡುತ್ತದೆ.

ಆ ಹೊತ್ತು ಮೀರಿದ್ದರೆ ಪ್ರತಿ ಸಲ ಕಟ್ಟುವಾಗಲೂ ಹೇಳಿ. ಮರೆತರೂ ಹೇಳಿ. ಅವರ ಕೈ, ಮುಖ ನೋಡಿ. ಸುಮ್ನೆ ಕೈ ಚಾಚುತ್ತಾರಾ, ಹಿಂದಕ್ಕೆ ಎಳೆದುಕೊಳ್ಳುತ್ತಾರಾ? ದಿನಾ ಬಿಚ್ಚಿ ಎಸೆಯುತ್ತಿದ್ದರೆ ಅದೇ "ಬೇಡ" ಎಂಬ ಮಾತು. ಬಿಚ್ಚಲಾಗದ ಬೀಗದ ಪಟ್ಟಿ ತರಿಸುವ ಮೊದಲು ಅವರಿಗೆ ಪರಿಚಯ ಇರುವ ವಸ್ತುವಿನಲ್ಲಿ ಇಟ್ಟು ನೋಡಿ: ಎಲೆಅಡಿಕೆಯ ಸಂಚಿ, ಮುಂಡಿನ ಬೆಲ್ಟು, ಊರುಗೋಲು. ಇಲ್ಲೂ ಹೇಳಿಯೇ ಇಡಬೇಕು.

ನಮ್ಮ ನೆಂಟರ ಮನೆಯಲ್ಲಿ ಅಜ್ಜಿ ವಾಚನ್ನು ಬಿಚ್ಚಿ ಅಕ್ಕಿ ಡಬ್ಬದೊಳಗೆ ಇಟ್ಟಿದ್ದರು. ಮ್ಯಾಪಿನಲ್ಲಿ ಅಜ್ಜಿ ಮನೆಯಲ್ಲೇ ಇದ್ದರು, ಎಲ್ಲರೂ ನೆಮ್ಮದಿಯಾಗಿದ್ದರು. ಅಜ್ಜಿ ಸಿಕ್ಕಿದ್ದು ಒಂದೂವರೆ ಕಿಲೋಮೀಟರ್ ಆಚೆ, ಬಸ್ಸಿಗೆ ಕಾಯುತ್ತಾ, ಕೈಯಲ್ಲಿ ಒಂದು ಹಿಡಿ ಚಿಲ್ಲರೆ ಹಿಡಿದುಕೊಂಡು. ವಾಚ್ ಇಲ್ಲದಿದ್ದರೆ ಅರ್ಧ ಗಂಟೆ ಮೊದಲೇ ಯಾರಾದರೂ ಎದ್ದು ಕೋಣೆ ನೋಡುತ್ತಿದ್ದರು.

ಕಾಸರಗೋಡಿನಲ್ಲಿ ಈ ವಿಷಯ ಅಜ್ಜ ಅಜ್ಜಿಯರಿಗೆ ಮುಗಿಯುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳು ನಮ್ಮವು. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಎಷ್ಟೋ ಮನೆಗಳಲ್ಲಿ ಬುದ್ಧಿ ಬೆಳೆಯದ, ಮಾತು ಬಾರದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ತಾಯಂದಿರಿಗೆ ವಯಸ್ಸಾಗುತ್ತಿದೆ. ಒಬ್ಬಳೇ ತಾಯಿ, ಓಡಿಹೋಗುವ ಮೂವತ್ತರ ಮಗ. ಆಕೆಗೆ ಟ್ರ್ಯಾಕರ್ ಬೇಡ ಎನ್ನುವ ಧೈರ್ಯ ನನಗಿಲ್ಲ. ಬೇಕು. ಆದರೆ ಮೂವತ್ತರ ಮಗ ಮಗುವಲ್ಲ, ಅಲ್ವಾ? ಚಿತ್ರ ತೋರಿಸಿ, ಸನ್ನೆ ಮಾಡಿ, ನೀವೇ ಮೊದಲು ಕಟ್ಟಿಕೊಂಡು ತೋರಿಸಿ. ಬುದ್ಧಿ ಬೆಳೆಯದವರಿಗಾಗಿ ಇರುವ ಬಡ್ಸ್ ಶಾಲೆಗೆ ಹೋಗುವವರಾದರೆ ಅಲ್ಲಿನ ಟೀಚರನ್ನು ಸೇರಿಸಿಕೊಳ್ಳಿ. ಅವನ "ಹೌದು", "ಇಲ್ಲ" ಹೇಗಿರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕಾನೂನಿನ ಕಡೆಯಿಂದ ಎರಡು ವಿಷಯ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇರುವವರಿಗೆ ಹದಿನೆಂಟರ ನಂತರ ಕಾನೂನುಬದ್ಧ ಪೋಷಕರನ್ನು ನೇಮಿಸುವುದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯಲ್ಲಿರುವ ಸ್ಥಳೀಯ ಮಟ್ಟದ ಸಮಿತಿ. ಕಲೆಕ್ಟರ್ ಕಚೇರಿಯಲ್ಲಿ ವಿಚಾರಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ ಸೀಮಿತ ಪೋಷಕತ್ವದಲ್ಲಿ ಪೋಷಕರು ಮತ್ತು ಆ ವ್ಯಕ್ತಿ ಸೇರಿಯೇ ತೀರ್ಮಾನ ಮಾಡಬೇಕು. ಪೋಷಕರಾದ ಮಾತ್ರಕ್ಕೆ ಅವರ ಪರವಾಗಿ ಏನು ಬೇಕಾದರೂ ಮಾಡಬಹುದು ಅಂತಲ್ಲ.

5. ಚುಕ್ಕೆಯನ್ನು ಯಾರು ನೋಡಬೇಕು?

ಇಬ್ಬರು ಸಾಕು. ಒಬ್ಬರು ಮನೆಯಲ್ಲಿ ಇರುವವರು, ಇನ್ನೊಬ್ಬರು ಎದ್ದು ಹೋಗಿ ಕರೆದುಕೊಂಡು ಬರುವಷ್ಟು ಹತ್ತಿರ ಇರುವವರು.

ಕುಟುಂಬದ ವಾಟ್ಸಾಪ್ ಗುಂಪಿಗೆ ಲೊಕೇಶನ್ ಹಾಕಬೇಡಿ. ಮೂವತ್ತು ಜನರಿರುವ ಗುಂಪಿನಲ್ಲಿ ಮಗು ಎಷ್ಟು ಹೊತ್ತಿಗೆ ಯಾವ ದಾರಿಯಲ್ಲಿ ಒಬ್ಬಳೇ ನಡೆಯುತ್ತಾಳೆ ಎಂದು ಹಾಕುವುದು ಅಂದರೆ ಆ ಮೂವತ್ತು ಫೋನುಗಳನ್ನು ಮುಟ್ಟುವ ಎಲ್ಲರಿಗೂ ಹೇಳಿದ ಹಾಗೆ. ಮಕ್ಕಳಿಗೆ ತೊಂದರೆ ಕೊಡುವವರು ಬಹಳ ಸಲ ಗುರುತಿನವರೇ ಆಗಿರುತ್ತಾರೆ ಎಂಬುದನ್ನು ಮರೆಯಬೇಡಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸಂಗತಿ ಇದೆ. ಅಪ್ಪ ದುಬೈಯಲ್ಲಿ, ಅಮ್ಮ ಮಕ್ಕಳು ಉಪ್ಪಳದಲ್ಲಿ. ಅಪ್ಪನಿಗೆ ಮಕ್ಕಳನ್ನು ನೋಡುವ ಆಸೆ, ಅದು ಸಹಜ. ಆದರೆ ಚುಕ್ಕೆ ಹತ್ತು ನಿಮಿಷ ಎಲ್ಲೋ ನಿಂತರೆ ಅಲ್ಲಿಂದ ಫೋನ್ ಬರುತ್ತದೆ: "ಯಾಕೆ ಇನ್ನೂ ಮನೆ ಮುಟ್ಟಿಲ್ಲ? ಯಾರ ಮನೆಗೆ ಹೋಗಿದ್ದೀರಿ?" ಮಗು ಅಮ್ಮನ ಜೊತೆಗೇ ಇರುವುದರಿಂದ ಮಗುವಿನ ವಾಚು ಅಮ್ಮನ ಮೇಲಿನ ಕಾವಲಾಗುತ್ತದೆ. ಇದನ್ನು ನನಗೆ ಹೇಳಿಕೊಂಡ ತಾಯಂದಿರು ಒಬ್ಬಿಬ್ಬರಲ್ಲ. ದೂರದಲ್ಲಿರುವವರೇ, ನಿಮ್ಮಿಂದ ಎದ್ದು ಹೋಗಿ ಕರೆತರಲು ಆಗುವುದಿಲ್ಲ. ಚುಕ್ಕೆ ಬಿಡಿ, ಸಂಜೆ ವಿಡಿಯೋ ಕಾಲ್ ಮಾಡಿ ಮಗುವಿನ ಹತ್ತಿರ ಮಾತಾಡಿ.

ಹೋಂ ನರ್ಸ್ ಇದ್ದರೆ ಅವರಿಗೂ ಹೇಳಬೇಕು. ಅಜ್ಜನ ಜೊತೆ ಹೋಗುವ ಅವರ ಓಡಾಟವೂ ದಾಖಲಾಗುತ್ತದೆ. ಕೋಣೆಯಲ್ಲಿ ಕ್ಯಾಮೆರಾ ಇಡುವವರು ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡಿ. ಅಜ್ಜಿಯ ಬಟ್ಟೆ ಬದಲಿಸುವ, ಮೈ ಒರೆಸುವ ಜಾಗಕ್ಕೆ ಕ್ಯಾಮೆರಾ ತಿರುಗಿರಬಾರದು. ಅದು ಅಜ್ಜಿಯ ಮಾನ, ನರ್ಸಿನದ್ದೂ ಹೌದು.

6. ಕೊಳ್ಳುವುದು, ಪರೀಕ್ಷೆ ಮಾಡುವುದು

ಅಂಗಡಿಗೆ ಹೋಗುವ ಮೊದಲು ಅಂಗಳ, ತೋಟ, ಬಸ್‌ಸ್ಟಾಪ್ ಮೂರೂ ಕಡೆ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂದು ಫೋನ್ ಹಿಡಿದು ನೋಡಿ. ಅಗ್ಗದ ವಾಚುಗಳಲ್ಲಿ ಹಲವು ಹಳೆಯ 2ಜಿ ಮಾತ್ರ ಹಿಡಿಯುತ್ತವೆ. ಜಿಯೋಗೆ 2ಜಿ ಇಲ್ಲ. ಆ ವಾಚಿಗೆ ಜಿಯೋ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ. 4ಜಿ ಎಂದು ಡಬ್ಬದ ಮೇಲೆ ಬರೆದದ್ದನ್ನೇ ತೆಗೆದುಕೊಳ್ಳಿ.

ಗಡಿಯ ಊರುಗಳಲ್ಲಿ ಫೋನು ಒಮ್ಮೆ ಕೇರಳದ ಟವರ್, ಒಮ್ಮೆ ಕರ್ನಾಟಕದ ಟವರ್ ಹಿಡಿಯುವುದು ನಿಮಗೇ ಗೊತ್ತು. ವಾಚಿನಲ್ಲಿ ರೋಮಿಂಗ್ ಆಫ್ ಇದ್ದರೆ ಆ ಹೊತ್ತಿಗೆ ಡೇಟಾ ನಿಂತುಹೋಗಬಹುದು. ಆನ್ ಮಾಡಿ, ತಲಪಾಡಿ ದಾಟಿ ಹೋಗಿ ನೋಡಿ.

ಜಿಯೋಫೆನ್ಸ್ ಎಂಬುದೊಂದಿದೆ. ಮ್ಯಾಪಿನಲ್ಲಿ ಮನೆಯ ಸುತ್ತ ಎಳೆಯುವ ಕಾಣದ ಬೇಲಿ. ದಾಟಿದರೆ ನಿಮ್ಮ ಫೋನ್ ಬಡಿದುಕೊಳ್ಳುತ್ತದೆ. ಬಯಲಿನಲ್ಲಿ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸಿದರೆ, ಅಡಿಕೆ ಮರಗಳ ಅಡಿಯಲ್ಲಿ, ಗುಡ್ಡೆಯ ಮಗ್ಗುಲಲ್ಲಿ, ಹಂಚಿನ ಮನೆಯೊಳಗೆ ತಪ್ಪು ಹೆಚ್ಚಾಗುತ್ತದೆ. ಬೇಲಿಯನ್ನು 100 ಮೀಟರಿಗಿಂತ ಚಿಕ್ಕದಾಗಿ ಎಳೆದರೆ ಅಜ್ಜ ಜಗಲಿಯಲ್ಲಿ ಕೂತಿದ್ದರೂ ಎಚ್ಚರಿಕೆ ಬರುತ್ತಲೇ ಇರುತ್ತದೆ. ನಾಲ್ಕು ದಿನ ಓಡಿ, ಐದನೇ ದಿನ ಯಾರೂ ಏಳುವುದಿಲ್ಲ. ಮನೆಯ ಅಳತೆ ಬಿಟ್ಟು ಅಪಾಯದ ಅಳತೆಗೆ, ಅಂದರೆ ರಸ್ತೆಗೋ ಹಳಿಗೋ ಮುಟ್ಟುವ ಮುಂಚೆ ಬಡಿಯುವಂತೆ ಎಳೆಯಿರಿ.

ಒಂದು ವಾರ ನೀವೇ ಕಟ್ಟಿಕೊಂಡು ತಿರುಗಿ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬೆವರಿಗೆ ಪಟ್ಟಿ ತುರಿಸುತ್ತದಾ, ಆಟಿ ತಿಂಗಳ ಮಳೆಗೆ ನೀರು ಒಳಗೆ ಹೋಗುತ್ತದಾ, ಎಲ್ಲ ಗೊತ್ತಾಗುತ್ತದೆ. ನೋಡಿಸಿಕೊಳ್ಳುವುದು ಹೇಗಿರುತ್ತದೆ ಎಂಬುದೂ.

7. ಬೇರೆಯವರು ನುಗ್ಗದಂತೆ ಬಾಗಿಲು ಹಾಕಿ

ಪೆಟ್ಟಿಗೆ ತೆರೆದ ದಿನವೇ ಪಾಸ್‌ವರ್ಡ್ ಬದಲಿಸಿ. 2019ರಲ್ಲಿ ಅವಾಸ್ಟ್ ಎಂಬ ಭದ್ರತಾ ಕಂಪನಿ ಮಕ್ಕಳು, ವೃದ್ಧರಿಗಾಗಿ ಮಾರುತ್ತಿದ್ದ ಟ್ರ್ಯಾಕರ್‌ಗಳನ್ನು ಪರೀಕ್ಷಿಸಿದಾಗ ಸುಮಾರು 6 ಲಕ್ಷ ಸಾಧನಗಳಲ್ಲಿ 123456 ಎಂಬ ಒಂದೇ ಪಾಸ್‌ವರ್ಡ್ ಇತ್ತು. ಅಂಥದ್ದರಲ್ಲಿ ನಿಮಗೆ ಕಾಣುವ ಚುಕ್ಕೆ ಯಾರಿಗೆ ಬೇಕಾದರೂ ಕಾಣುತ್ತದೆ.

ಕೆಲವು ವಾಚುಗಳಲ್ಲಿ ಮಗುವಿಗೆ ತಿಳಿಯದಂತೆ ಸುತ್ತಲಿನ ಮಾತು ಕೇಳುವ ಸೌಲಭ್ಯ ಇರುತ್ತದೆ. "ಮಾನಿಟರ್" ಎಂದೋ "ವಾಯ್ಸ್ ಗಾರ್ಡ್" ಎಂದೋ ಬೇರೆ ಬೇರೆ ಹೆಸರು. ಜರ್ಮನಿ 2017ರ ನವೆಂಬರಿನಲ್ಲಿ ಇಂಥ ಮಕ್ಕಳ ವಾಚುಗಳ ಮಾರಾಟವನ್ನೇ ನಿಷೇಧಿಸಿತು. ಅಪ್ಪ ಅಮ್ಮಂದಿರು ಕ್ಲಾಸಿನ ಪಾಠವನ್ನು ಕದ್ದು ಕೇಳುತ್ತಿದ್ದರು ಎಂಬುದೂ ಅಲ್ಲಿ ಬಯಲಾಗಿತ್ತು. ಟೀಚರ್, ಗೆಳೆಯರು, ಪಕ್ಕದ ಮನೆಯವರು ಯಾರೂ ಇದಕ್ಕೆ ಒಪ್ಪಿರುವುದಿಲ್ಲ. ಇದನ್ನು ಆಫ್ ಮಾಡಿ. ಆಫ್ ಮಾಡಲು ಬರದಿದ್ದರೆ ವಾಚನ್ನೇ ಹಿಂತಿರುಗಿಸಿ.

ಹಳೆಯ ಓಡಾಟದ ದಾಖಲೆ, ಆಪಿನಲ್ಲಿ ಹಿಸ್ಟರಿ ಎಂದಿರುತ್ತದೆ, ಎಷ್ಟು ದಿನ ಉಳಿಯುತ್ತದೆ ನೋಡಿ. ಒಂದೆರಡು ದಿನಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ. ಕಳೆದ ತಿಂಗಳ ಮಂಗಳವಾರ ಮಗ ಎಲ್ಲಿದ್ದ ಎಂದು ತಿಳಿದು ನೀವು ಅವನನ್ನು ಕಾಪಾಡಲಾರಿರಿ, ವಿಚಾರಣೆ ಮಾತ್ರ ಮಾಡಬಲ್ಲಿರಿ.

ಪುಕ್ಕಟೆ ಆಪ್‌ಗಳಲ್ಲಿ ಜಾಗ್ರತೆ. ಕುಟುಂಬದವರ ಲೊಕೇಶನ್ ತೋರಿಸುವ ಲೈಫ್360 ಎಂಬ ಹೆಸರಾಂತ ಆಪ್ ಬಳಕೆದಾರರ ಓಡಾಟದ ಮಾಹಿತಿಯನ್ನು ದಲ್ಲಾಳಿ ಕಂಪನಿಗಳಿಗೆ ಮಾರುತ್ತಿತ್ತು ಎಂಬುದು 2021ರ ಡಿಸೆಂಬರಿನಲ್ಲಿ ಸುದ್ದಿಯಾಯಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಹದಿನೆಂಟರ ಒಳಗಿನವರ ಮಾಹಿತಿ ತೆಗೆದುಕೊಳ್ಳಲು ಕಂಪನಿ ತಂದೆತಾಯಿಯ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು, ಮಕ್ಕಳಿಗೆ ಗುರಿಯಿಟ್ಟ ಜಾಹೀರಾತು ತೋರಿಸಬಾರದು ಎನ್ನುತ್ತದೆ ಅದರ 9ನೇ ಸೆಕ್ಷನ್. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದು ಹಂತಹಂತವಾಗಿ ಜಾರಿಯಾಗುತ್ತಿವೆ. ಆದರೆ ಈ ಕಾಯ್ದೆ ಮನೆಯೊಳಗಿನ ಸ್ವಂತ ಬಳಕೆಗೆ ಅನ್ವಯಿಸುವುದಿಲ್ಲ. ಅಪ್ಪ ಮಗಳ ಚುಕ್ಕೆಯನ್ನು ದಿನಕ್ಕೆ ನೂರು ಸಲ ನೋಡಿದರೆ ಇದು ತಡೆಯುವುದಿಲ್ಲ. ಆ ಲೆಕ್ಕ ನಿಮ್ಮ ಮೇಲೆಯೇ ಇದೆ.

8. ಫೋನ್ ಬಡಿದುಕೊಂಡರೆ ಏನು ಮಾಡುವುದು ಎಂದು ಮೊದಲೇ ಬರೆದಿಡಿ

ಚುಕ್ಕೆ ನೋಡುವಾಗ ಮೊದಲು ಅದರ ಸಮಯ ನೋಡಿ. "22 ನಿಮಿಷದ ಹಿಂದೆ" ಎಂದಿದ್ದರೆ ಅವರು ಈಗ ಅಲ್ಲಿಲ್ಲ. ಒಬ್ಬರು ಮನೆಯಲ್ಲಿ ನಿಂತು ಬಾವಿ, ಹಟ್ಟಿ, ನೀರಿಗಾಗಿ ಗುಡ್ಡೆಯಲ್ಲಿ ಕೊರೆದ ಸುರಂಗದ ಬಾಯಿ, ಪಳ್ಳ (ನೀರು ನಿಲ್ಲುವ ಹೊಂಡ) ನೋಡಬೇಕು. ಇನ್ನೊಬ್ಬರು ಚುಕ್ಕೆಯ ಕಡೆ ಹೋಗಬೇಕು. ಮರೆವಿನವರಾದರೆ ಹಳೆ ಮನೆ, ಹಳೆ ಕೆಲಸದ ಜಾಗದ ದಾರಿಯನ್ನೂ ನೋಡಿ.

ಸಿಗದಿದ್ದರೆ 24 ಗಂಟೆ ಕಾಯಬೇಕು ಎನ್ನುವ ಮಾತು ಸುಳ್ಳು. ತಕ್ಷಣ 112ಕ್ಕೆ ಫೋನ್ ಮಾಡಿ. ಮಕ್ಕಳಾದರೆ 1098. ಗಡಿ ದಾಟಿ ಮಂಗಳೂರಿನ ಬಸ್ಸು ಹತ್ತಿರಬಹುದು ಎಂಬ ಅನುಮಾನ ಇದ್ದರೂ ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. ನಮ್ಮ ಸರಹದ್ದಲ್ಲ ಎಂದು ಕಳಿಸುವಂತಿಲ್ಲ, ಇದನ್ನು ಝೀರೋ ಎಫ್‌ಐಆರ್ ಅನ್ನುತ್ತಾರೆ. ಮಗು ಕಾಣೆಯಾದ ದೂರಿಗೆ ಎಫ್‌ಐಆರ್ ಹಾಕಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ.

ಯಂತ್ರದ ಜೊತೆ ಒಂದು ಕಾಗದದ ಚೀಟಿ ಇರಲೇಬೇಕು. ಪ್ಲಾಸ್ಟಿಕ್ ಹಾಕಿಸಿ ಜೇಬಿನಲ್ಲಿಡಿ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆಯಿರಿ. ಕನ್ನಡದಲ್ಲಿ ಮಾತ್ರ ಬರೆದರೆ ಕಾಞಂಗಾಡಿನ ಅಂಗಡಿಯವರಿಗೆ ಓದಲು ಬಾರದು, ಮಲಯಾಳದಲ್ಲಿ ಮಾತ್ರ ಬರೆದರೆ ವಿಟ್ಲದವರಿಗೆ ಬಾರದು. ಎರಡು ಫೋನ್ ನಂಬರು, "ಇವರಿಗೆ ಮರೆವು ಇದೆ, ದಯವಿಟ್ಟು ಕೂರಿಸಿ ಫೋನ್ ಮಾಡಿ" ಎಂಬ ಸಾಲು, ಜೊತೆಗೆ "ತುಳು ಮಾತ್ರ ತಿಳಿಯುತ್ತದೆ" ಎಂದೋ "ಹವ್ಯಕ ಕನ್ನಡ ಮಾತಾಡುತ್ತಾರೆ" ಎಂದೋ ಬರೆದರೆ ಸಿಕ್ಕಿದವರಿಗೆ ಬಹಳ ಸಹಾಯ. ಮಗುವಿನ ಚೀಟಿಯಾದರೆ ಹೆಸರು ಹೊರಗೆ ಕಾಣಬಾರದು. ಹೆಸರು ಹಿಡಿದು ಕರೆದವರನ್ನು ಮಗು ಪರಿಚಯದವರೆಂದು ನಂಬಿಬಿಡುತ್ತದೆ.

9. ತೆಗೆಯುವ ದಿನ

ಮೂರು ತಿಂಗಳಿಗೊಮ್ಮೆ ಆ ಮೊದಲ ಚೀಟಿ ತೆಗೆದು ಓದಿ. ಬರೆದ ಹೆದರಿಕೆ ಈಗಲೂ ಇದೆಯಾ? ಮಗಳು ಬಸ್ಸು ಬದಲಿಸಲು ಕಲಿತಿದ್ದರೆ ಬಿಚ್ಚಿ. ಹೇಳಿದ ತಾರೀಕಿಗೆ ಬಿಚ್ಚದಿದ್ದರೆ ಮುಂದಿನ ಸಲ ನೀವು ಹೇಳಿದ್ದನ್ನು ಅವಳು ನಂಬುವುದಿಲ್ಲ. ಅಜ್ಜ ಹಾಸಿಗೆ ಹಿಡಿದ ಮೇಲೂ ಕೈಯಲ್ಲಿ ವಾಚ್ ಉಳಿದಿರುವುದನ್ನು ನೋಡಿದ್ದೇನೆ, ಪಟ್ಟಿಯ ಅಡಿಯಲ್ಲಿ ಚರ್ಮ ಕೆಂಪಾಗಿತ್ತು. ಯಾರಿಗೂ ನೆನಪೇ ಇರಲಿಲ್ಲ.

ಬಿಚ್ಚಿದ ಮೇಲೆ ಆಪ್ ಅಳಿಸಿದರೆ ಸಾಲದು, ಖಾತೆಯನ್ನೇ ಅಳಿಸಿ. ಮೊದಲು ಹಿಸ್ಟರಿ, ಆಮೇಲೆ ಖಾತೆ. ಸಿಮ್ ನಿಮ್ಮ ಹೆಸರಿನಲ್ಲಿರುತ್ತದೆ, ಅದನ್ನು ಹೊರತೆಗೆದು ಬಂದ್ ಮಾಡಿಸಿ. ವಾಚನ್ನು ನೆಂಟರ ಮಕ್ಕಳಿಗೆ ಕೊಡುವುದಾದರೆ ಫ್ಯಾಕ್ಟರಿ ರೀಸೆಟ್ ಮಾಡಿ, ನಿಮ್ಮ ಫೋನಿನಿಂದ ಅದರ ನಂಟು ಬಿಡಿಸಿಯೇ ಕೊಡಿ. ಇಲ್ಲದಿದ್ದರೆ ಆ ಮನೆಯ ಮಗುವಿನ ಚುಕ್ಕೆ ನಿಮ್ಮ ಫೋನಿನಲ್ಲಿ ಕಾಣುತ್ತಿರುತ್ತದೆ. ಚಾರ್ಜರನ್ನೂ ಜೊತೆಗೇ ಕೊಡಿ, ಅದೇ ಪಿನ್ ಬೇರೆ ಅಂಗಡಿಯಲ್ಲಿ ಸಿಗುವುದು ಕಷ್ಟ.